ಕಾಸರಗೋಡು ಸೀಮೆಯಲ್ಲಿ ನಾಲ್ಕು ದಿನ

ಊಟಿ, ಕೊಡೈಕಾನಲ್, ಮುನ್ನಾರುಗಳ ವರ್ಣನೆಯನ್ನು ನಮ್ಮವರಲ್ಲಿ ಕೇಳದವರಿಲ್ಲ. ರಜೆ ಬಂತೆಂದರೆ ನಾವೂ ಗಂಟುಮೂಟೆ ಕಟ್ಟಿಕೊಂಡು ದೂರದ ಬೆಟ್ಟಗಳಿಗೆ ಹೊರಡುವವರೇ. ಆದರೆ ನಮ್ಮ ಮನೆಯಂಗಳದಲ್ಲಿ ನಿಂತರೆ ಕಾಣುವ ಗುಡ್ಡದ ಹೆಸರೇನೆಂದು ಮಕ್ಕಳು ಕೇಳಿದರೆ ತಡವರಿಸುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹಿರಿಯರು ಮದ್ದಿನ ಸೊಪ್ಪಿಗೆ ಮಾತ್ರ ಹೇಳಿದ್ದಾಗಿರಲಾರದು.

ಕಳೆದ ಕ್ರಿಸ್ಮಸ್ ರಜೆಯಲ್ಲಿ ಬೆಂಗಳೂರಿನಿಂದ ದೊಡ್ಡಪ್ಪನ ಮಗ, ಎಂದರೆ ನಮ್ಮ ಅಣ್ಣ, ಅತ್ತಿಗೆಯನ್ನೂ ಹದಿಮೂರರ ಹರೆಯದ ಮಗಳನ್ನೂ ಕರೆದುಕೊಂಡು ಕಾಸರಗೋಡಿನ ನಮ್ಮ ಮನೆಗೆ ಬಂದಿಳಿದ. ಬಂದ ಕಾರಣ ಸಂತೋಷದ್ದಾಗಿರಲಿಲ್ಲ. ಬದಿಯಡ್ಕದ ಆಚೆ ಗುಡ್ಡೆಯ ಮಗ್ಗುಲಲ್ಲಿ ದೊಡ್ಡಪ್ಪ ಒಬ್ಬರೇ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಅಡಕೆ ಕೊಯ್ಯುವ ಜನ ಸಿಗುವುದಿಲ್ಲ. ಮನೆ, ತೋಟ ಎರಡನ್ನೂ ಕೊಟ್ಟುಬಿಟ್ಟು ಅಪ್ಪನನ್ನು ಬೆಂಗಳೂರಿಗೆ ಕರೆದೊಯ್ಯಬೇಕೆಂಬುದು ಅಣ್ಣನ ಯೋಚನೆ. ಈ ಮಾತನ್ನು ದೊಡ್ಡಪ್ಪನ ಮುಂದೆ ಎತ್ತುವ ಧೈರ್ಯ ಅವನಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಹುಡುಗಿ ಕೇಳಿದಳು: "ಚಿಕ್ಕಪ್ಪ, ನಿಮ್ಮೂರಲ್ಲಿ ನೋಡುವಂಥದ್ದು ಏನಿದೆ?"

ನಮ್ಮ ಮಗ ಬೇಕಲ ಕೋಟೆಯ ಹೆಸರು ಹೇಳಿ ಸುಮ್ಮನಾದ. ನಾವೂ ಮತ್ತೊಂದು ಹೆಸರಿಗಾಗಿ ಹುಡುಕಾಡಿದೆವು. ಆ ಮೌನ ನಮ್ಮನ್ನು ಚುಚ್ಚಿತು. ದೊಡ್ಡಪ್ಪನನ್ನೂ ಜೊತೆಗೆ ಕರೆದುಕೊಂಡು ನಾಲ್ಕು ದಿನ ಈ ಸೀಮೆಯನ್ನು ಸುತ್ತುವುದೆಂದು ಆ ರಾತ್ರಿಯೇ ನಿಶ್ಚಯಿಸಿದೆವು. ಬೆಳಿಗ್ಗೆ ಬದಿಯಡ್ಕದಿಂದ ದೊಡ್ಡಪ್ಪನನ್ನು ಹತ್ತಿಸಿಕೊಂಡು ಒಂದು ಬಾಡಿಗೆ ಮೋಟಾರಿನಲ್ಲಿ ಉತ್ತರಾಭಿಮುಖವಾಗಿ ಹೊರಟೆವು.

ಕಡಲ ಅಂಚಿನಿಂದ ಗುಂಪೆಯ ನೆತ್ತಿಗೆ

ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. ಅದಕ್ಕೆ ಮೊದಲು ಇದು ಕಣ್ಣೂರು ಜಿಲ್ಲೆಯ ಭಾಗವಾಗಿತ್ತು. 1956ರ ನವೆಂಬರ್ 1ಕ್ಕೆ ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಗಡಿಗೆರೆಗಳು ಹೀಗೆ ಅತ್ತಿತ್ತ ಸರಿದರೂ ನೆಲ ಸರಿಯಲಿಲ್ಲ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ಮುರಕಲ್ಲಿನ ಗುಡ್ಡಗಳು, ಗುಡ್ಡಗಳ ಸಂದಿನಲ್ಲಿ ಹಸುರು ಬೈಲುಗಳು: ಇದೇ ನಮ್ಮ ನಾಡಿನ ಮೈಕಟ್ಟು. ಕೇರಳದ ನಲವತ್ತನಾಲ್ಕು ನದಿಗಳಲ್ಲಿ ಹನ್ನೆರಡು ಈ ಸಣ್ಣ ಜಿಲ್ಲೆಯಲ್ಲೇ ಹರಿಯುತ್ತವೆ ಎಂದರೆ ಹೊರಗಿನವರು ಹುಬ್ಬೇರಿಸುತ್ತಾರೆ.

ಅವುಗಳಲ್ಲಿ ಅತ್ಯಂತ ಕಿರಿಯದು ಮಂಜೇಶ್ವರದ ಹೊಳೆ. ಅದರ ಉದ್ದ ಕೇವಲ 16 ಕಿಲೋಮೀಟರು. ಕೇರಳದ ನದಿಗಳಲ್ಲೇ ಅತಿ ಚಿಕ್ಕದು. ಬೆಳಗಿನ ಹೊತ್ತಿನಲ್ಲಿ ಅದರ ಸೇತುವೆಯ ಬಳಿ ವಾಹನ ನಿಲ್ಲಿಸಿ ಇಳಿದೆವು. ನೀರಿನ ಮೇಲೆ ತೆಳ್ಳನೆಯ ಮಂಜು, ದಡದಲ್ಲಿ ಬಾಗಿದ ತೆಂಗು. ಈ ಹೊಳೆಯ ಊರಿನಲ್ಲಿಯೇ ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಬಾಳಿದರು. ಅವರ ಮನೆಯ ನೆಲದಲ್ಲಿ ಈಗ 'ಗಿಳಿವಿಂಡು' ಎಂಬ ಸ್ಮಾರಕವಿದೆ. ಅವರ ಕವನಸಂಕಲನದ ಹೆಸರೇ ಅದಕ್ಕೆ ಬಂದಿದೆ. ಮರಗಳ ನೆರಳಿನಲ್ಲಿ ಅರ್ಧ ಗಂಟೆ ಕಳೆದು, ಅಲ್ಲಿಂದ ಕಣ್ವತೀರ್ಥದ ಕಡಲತೀರಕ್ಕೆ ಹೋದೆವು. ಮಧ್ವಾಚಾರ್ಯರ ನೆನಪನ್ನು ಉಳಿಸಿಕೊಂಡಿರುವ ಈ ಸ್ಥಳದಲ್ಲಿ ತೀರ್ಥವೂ ಕಡಲೂ ನೆರೆಹೊರೆ. ಜನಸಂದಣಿಯಿಲ್ಲದ ತೀರ. ಮಕ್ಕಳು ನೀರಾಟವಾಡುತ್ತಿದ್ದಾಗ ಬಲೆ ಎಳೆಯುತ್ತಿದ್ದ ಬೆಸ್ತರ ಮಾತಿಗೆ ನಾವು ಕಿವಿಗೊಟ್ಟೆವು. ಒಬ್ಬ ತುಳುವಿನಲ್ಲಿ ಕೇಳುತ್ತಾನೆ, ಮತ್ತೊಬ್ಬ ಮಲೆಯಾಳದಲ್ಲಿ ಉತ್ತರಿಸುತ್ತಾನೆ, ಮೂರನೆಯವನು ನಮ್ಮೊಡನೆ ಕನ್ನಡದಲ್ಲಿ ಮಾತಾಡುತ್ತಾನೆ. ಹುಡುಗಿ ಬೆರಗಾಗಿ, "ಇವರಿಗೆ ಗೊಂದಲವಾಗುವುದಿಲ್ಲವೇ?" ಎಂದಳು. "ಹುಟ್ಟಿದಂದಿನಿಂದ ಕೇಳಿದ್ದಕ್ಕೆ ಏನು ಗೊಂದಲ ಮಗೂ?" ಎಂದರು ದೊಡ್ಡಪ್ಪ.

ಮಧ್ಯಾಹ್ನದ ಊಟ ಮುಗಿಸಿ ಒಳನಾಡಿನ ದಾರಿ ಹಿಡಿದೆವು. ಮಂಜೇಶ್ವರದಿಂದ ಸುಮಾರು 18 ಕಿಲೋಮೀಟರು ದೂರದಲ್ಲಿ ಧರ್ಮತ್ತಡ್ಕದ ಸಮೀಪ ಪೊಸಡಿ ಗುಂಪೆಯಿದೆ. ಸಮುದ್ರಮಟ್ಟದಿಂದ ಸಾವಿರ ಅಡಿಗೂ ಮಿಕ್ಕ ಎತ್ತರ. ಘಟ್ಟದ ಶಿಖರಗಳ ಮುಂದೆ ಇದೇನೂ ಹೇಳಿಕೊಳ್ಳುವ ಎತ್ತರವಲ್ಲ. ಆದರೆ ಸುತ್ತ ಬೇರೆ ಎತ್ತರದ ಗುಡ್ಡಗಳಿಲ್ಲದುದರಿಂದ ಇದರ ನೆತ್ತಿಯ ಮೇಲೆ ನಿಂತವನ ಕಣ್ಣಿಗೆ ತಡೆಯೆಂಬುದಿಲ್ಲ. ಪಶ್ಚಿಮದಲ್ಲಿ ಕಡಲು ಬೆಳ್ಳಿಯ ಪಟ್ಟಿಯಾಗಿ ಹೊಳೆಯುತ್ತದೆ. ಉತ್ತರದಲ್ಲಿ ಮಂಗಳೂರಿನ ಕಡೆಯ ಬಯಲು. ಪೂರ್ವದಲ್ಲಿ ಒಂದರ ಹಿಂದೆ ಒಂದು ನೀಲಿಯ ಸಾಲುಗಳು. ಆಕಾಶ ಶುಭ್ರವಾಗಿರುವ ದಿನ ಕುದುರೆಮುಖದ ಶಿಖರವೂ ತೋರುತ್ತದೆ.

ನೆತ್ತಿಯ ಹುಲ್ಲು ಆಗಲೇ ಹೊಂಬಣ್ಣಕ್ಕೆ ತಿರುಗಿತ್ತು. ಗಾಳಿ ಬೀಸಿದಾಗಲೆಲ್ಲ ಇಡೀ ಗುಡ್ಡ ಒಮ್ಮೆ ಬಾಗಿ ಏಳುತ್ತಿತ್ತು. ದೊಡ್ಡಪ್ಪ ಊರುಗೋಲಿನ ಸಹಾಯದಿಂದ ಮೆಲ್ಲಮೆಲ್ಲನೆ ಹತ್ತಿ ಬಂದು ಒಂದು ಕಲ್ಲಿನ ಮೇಲೆ ಕುಳಿತರು. ಕುಳಿತಲ್ಲಿಂದಲೇ ಕೋಲು ಚಾಚಿ ಹೇಳತೊಡಗಿದರು: ಅದು ಬಾಯಾರಿನ ಕಡೆ, ಅದು ಪೆರ್ಲದ ಕಡೆ, ಆ ಬೋಳುಗುಡ್ಡದಾಚೆ ಬದಿಯಡ್ಕ. ಹುಡುಗಿ ಚೀಲದಿಂದ ಒಂದು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು. "ಅಜ್ಜಾ, ಎಲ್ಲದಕ್ಕೂ 'ಅಡ್ಕ' ಅಂತ ಯಾಕೆ ಸೇರಿಸಿದ್ದಾರೆ? ಧರ್ಮತ್ತಡ್ಕ, ಬದಿಯಡ್ಕ, ಏತಡ್ಕ, ಕಾರಡ್ಕ?"

ಆ ಪ್ರಶ್ನೆಗೆ ದೊಡ್ಡಪ್ಪ ಕೊಟ್ಟ ಉತ್ತರ ನಮ್ಮ ಇಡೀ ಪ್ರವಾಸಕ್ಕೆ ಕೈಗನ್ನಡಿಯಾಯಿತು. ಅಡ್ಕವೆಂದರೆ ಮುರಕಲ್ಲು ಹಾಸಿದ, ಮಟ್ಟಸವಾದ, ಬೇಸಗೆಯಲ್ಲಿ ನೀರಿಲ್ಲದ ಬಯಲು. ಪದವು ಎಂದರೆ ಗುಡ್ಡದ ಮೇಲಣ ಹರವು. ಬೈಲು ಎಂದರೆ ತಗ್ಗಿನ ಗದ್ದೆಯ ನೆಲ. ಮಜಲು ಎಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಗದ್ದೆ. ಬೆಟ್ಟು ಇನ್ನೂ ಮೇಲಿನದು. ಪಳ್ಳ ಎಂದರೆ ನೀರು ನಿಲ್ಲುವ ಹೊಂಡ. ಕಾನ ಎಂದರೆ ಕಾಡು. ಊರಿನ ಹೆಸರು ಕೇಳಿದೊಡನೆ ಅಲ್ಲಿ ಬಾವಿ ತೋಡಿದರೆ ನೀರು ಸಿಗುವುದೋ ಇಲ್ಲವೋ, ಏನು ಬೆಳೆಯಬಹುದು ಎಂಬುದನ್ನು ಹಿಂದಿನವರು ತಿಳಿಯುತ್ತಿದ್ದರು. ಇಂದು ನಾಮಫಲಕಗಳಲ್ಲಿ ಒಂದೇ ಊರು ಎರಡು ಮೂರು ಬಗೆಯಾಗಿ ಕಾಣುತ್ತದೆ: ಕುಂಬಳೆ ಕುಂಬಳವಾಗುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ನೆರೆಯ ಭಾಷೆಯವರು ತಮ್ಮ ನಾಲಗೆಗೆ ಒಗ್ಗುವಂತೆ ಹೇಳುವುದರಲ್ಲಿ ನಮಗೆ ಮುನಿಸಿಲ್ಲ. ನಾವೇ ನಮ್ಮ ಹೆಸರನ್ನು ಮರೆತರೆ, ಅದರೊಳಗಿನ ನೆಲದ ತಿಳಿವಳಿಕೆಯನ್ನೂ ಮರೆತಂತೆಯೇ ಎಂಬುದು ಮಾತ್ರ ಆ ಸಂಜೆ ನಮಗೆ ಸ್ಪಷ್ಟವಾಯಿತು.

ಸೂರ್ಯ ಕಡಲಿಗಿಳಿಯುವವರೆಗೆ ಕುಳಿತಿದ್ದು, ಕತ್ತಲಾಗುವ ಮೊದಲು ಗುಂಪೆಯಿಂದಿಳಿದು ದೊಡ್ಡಪ್ಪನ ಮನೆ ಸೇರಿದೆವು.

ಕಲ್ಲಿನೊಳಗಣ ನೀರು

ಎರಡನೆಯ ದಿನ ನಾವು ಎಲ್ಲಿಗೂ ದೂರ ಹೋಗಲಿಲ್ಲ. ಬೆಳಿಗ್ಗೆ ನೀರುದೋಸೆ ತಿಂದು ದೊಡ್ಡಪ್ಪನ ಹಿಂದೆ ತೋಟದ ಮೇಲ್ಬದಿಗೆ ನಡೆದೆವು. ಅಲ್ಲಿ ಗುಡ್ಡದ ಮೈಯಲ್ಲಿ ಆಳೆತ್ತರದ ಒಂದು ಕಿಂಡಿ. ಒಳಗಿನ ಕತ್ತಲಿನಿಂದ ಬೆರಳಿನಷ್ಟು ದಪ್ಪದ ನೀರು ಸದ್ದಿಲ್ಲದೆ ಹರಿದು ಬಂದು, ಕೆಳಗಿನ ಮಣ್ಣಿನ ಕೆರೆಯಲ್ಲಿ ತುಂಬುತ್ತಿತ್ತು. ಇದೇ ಸುರಂಗ. ಪಂಪಿಲ್ಲ, ವಿದ್ಯುತ್ತಿಲ್ಲ, ನೀರು ತನ್ನಷ್ಟಕ್ಕೆ ಮನೆಯಂಗಳಕ್ಕೆ ಇಳಿದು ಬರುತ್ತದೆ.

ಈ ಸೀಮೆಯ ಮುರಕಲ್ಲಿಗೊಂದು ವಿಶೇಷ ಗುಣವಿದೆ. ನೆಲದೊಳಗಿರುವಾಗ ಅದು ಹಾರೆಯ ಏಟಿಗೆ ಮಣಿಯುತ್ತದೆ. ಹೊರಗೆ ತೆಗೆದು ಗಾಳಿಬಿಸಿಲಿಗೆ ಒಡ್ಡಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕನನ್ ಎಂಬ ಪ್ರವಾಸಿ 1800–01ರಲ್ಲಿ ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ರಂಧ್ರಗಳಿಂದ ತುಂಬಿದ ಈ ಕಲ್ಲು ಮಳೆಗಾಲದ ನೀರನ್ನು ಹೀರಿ ಒಳಗೆ ಹಿಡಿದಿಡುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಸುರಿದರೂ ಇಳಿಜಾರಿನಲ್ಲಿ ಅದು ಕೆಲವೇ ದಿನಗಳಲ್ಲಿ ಕಡಲು ಸೇರಿಬಿಡುವ ನಾಡಿನಲ್ಲಿ, ಗುಡ್ಡದ ಹೊಟ್ಟೆಯೊಳಗಿನ ಈ ನೀರೇ ಬೇಸಗೆಯ ಜೀವಾಧಾರ. ಅದನ್ನು ಹುಡುಕಿ ಅಡ್ಡಕ್ಕೆ ಕೊರೆದ ಬಾವಿಯೇ ಸುರಂಗ. ಒಬ್ಬ ಬಾಗಿ ನಿಲ್ಲುವಷ್ಟು ಎತ್ತರ, ಒಬ್ಬನೇ ನುಸುಳುವಷ್ಟು ಅಗಲ. ಮುಂದೆ ಒಬ್ಬ ಅಗೆಯುತ್ತಾನೆ, ಹಿಂದೆ ಇನ್ನೊಬ್ಬ ಮಣ್ಣು ಹೊರುತ್ತಾನೆ. ಮೋಂಬತ್ತಿ ನಂದಿದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರಬೇಕು. ಹೀಗೆ ತೋಡಿದ ಸುರಂಗಗಳು ಮಂಜೇಶ್ವರ, ಕಾಸರಗೋಡು ಭಾಗಗಳಲ್ಲಿಯೂ ಗಡಿಯಾಚೆಯ ಬಂಟ್ವಾಳ, ಪುತ್ತೂರು ಕಡೆಗಳಲ್ಲಿಯೂ ಸಾವಿರಗಟ್ಟಲೆ ಇವೆ. ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ನೀರಿಲ್ಲದ ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ ತೋಟವೆಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಪುರಸ್ಕಾರ ಬಂದುದನ್ನು ವಾಚಕರು ಬಲ್ಲರು.

ದೊಡ್ಡಪ್ಪನ ಜಾಗದಲ್ಲಿ ಇಂಥ ಮೂರು ಸುರಂಗಗಳಿವೆ. ಒಂದು ಅವರ ತಂದೆಯ ಕಾಲದ್ದು, ಎರಡು ಅವರು ತಾವೇ ಆಳಿನೊಡನೆ ನಿಂತು ತೋಡಿಸಿದವು. ಮೂರನೆಯದರ ಬಾಯಿಗೆ ಬಂದಾಗ ಅವರು ನಿಂತರು. ಒಳಗೆ ನೆಲ ಒಣಗಿತ್ತು. "ಇದು ಹೋದ ಬೇಸಗೆಯಲ್ಲಿ ನಿಂತಿತು. ಮಳೆ ಬಂದ ಮೇಲೆಯೂ ಮೊದಲಿನ ಹಾಗೆ ಬರಲಿಲ್ಲ" ಎಂದರು. ಗುಡ್ಡದ ಮೇಲ್ಗಡೆ ಕೊಳವೆಬಾವಿಗಳಾಗಿವೆ. ಬದಿಯ ಗುಡ್ಡದಿಂದ ಮುರಕಲ್ಲು ಕಡಿದು ಲಾರಿಗಳಲ್ಲಿ ಸಾಗಿಸುತ್ತಾರೆ. ಯಾವುದರಿಂದ ಹೀಗಾಯಿತೆಂದು ದೊಡ್ಡಪ್ಪ ಹೇಳಲಿಲ್ಲ. ಯಾರನ್ನೂ ದೂರಲೂ ಇಲ್ಲ. ಅಣ್ಣ ಒಳಗೆ ಬಗ್ಗಿ ನೋಡಿ, ಬಹಳ ಹೊತ್ತು ಅಲ್ಲಿಯೇ ನಿಂತಿದ್ದ. ಚಿಕ್ಕಂದಿನಲ್ಲಿ ಅವನು ಈಜು ಕಲಿತದ್ದು ಆ ಸುರಂಗದ ಕೆರೆಯಲ್ಲಿ.

ಮಧ್ಯಾಹ್ನದ ಮೇಲೆ ಏತಡ್ಕಕ್ಕೆ ಹೋಗಿ 'ಕಟ್ಟ' ನೋಡಿದೆವು. ಡಿಸೆಂಬರಿನಲ್ಲಿ ತೋಡಿನ ಹರಿವು ಕುಗ್ಗುವ ಹೊತ್ತಿಗೆ ಊರವರು ಸೇರಿ ಕಲ್ಲುಮಣ್ಣುಗಳಿಂದ ಅಡ್ಡಗಟ್ಟಿ ನೀರು ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಅದು ಕೊಚ್ಚಿಹೋಗುತ್ತದೆ; ಮರುವರ್ಷ ಮತ್ತೆ ಕಟ್ಟುತ್ತಾರೆ. ನಿಂತ ನೀರಿನಲ್ಲಿ ಅಡಕೆಮರಗಳ ನೆರಳು ಬಿದ್ದು, ಮಿಂಚುಳ್ಳಿಯೊಂದು ನೀಲಿಗೆರೆ ಎಳೆದಂತೆ ಹಾರಿಹೋಯಿತು. ಊಟಿಯ ಕೆರೆಯಲ್ಲಿ ಹಣ ಕೊಟ್ಟು ದೋಣಿ ಹತ್ತಿದಾಗ ಇಷ್ಟು ಸಂತೋಷವಾಗಿರಲಿಲ್ಲವೆಂದು ಅತ್ತಿಗೆ ಒಪ್ಪಿಕೊಂಡರು.

ಇದೇ ಸೀಮೆಯಲ್ಲಿ, ಎಣ್ಮಕಜೆ ಪಂಚಾಯತಿಯಲ್ಲಿ, 'ಸ್ವರ್ಗ' ಎಂಬ ಹೆಸರಿನ ಊರಿದೆ. ಸುತ್ತ ಗುಡ್ಡ, ನಡುವೆ ತೋಡು. ಹೆಸರಿಟ್ಟವರ ಕಣ್ಣಿಗೆ ನೆಲ ಹಾಗೆಯೇ ಕಂಡಿರಬೇಕು. ಆದರೆ ಇಲ್ಲಿನ ಗುಡ್ಡಗಳ ಮೇಲಣ ಸರಕಾರಿ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ವಿಷ ತೋಟದಲ್ಲಿಯೇ ನಿಲ್ಲಲಿಲ್ಲ. ಗಾಳಿಯಲ್ಲಿ ತೇಲಿ, ಮಳೆಯಲ್ಲಿ ತೊಳೆದು, ಇದೇ ತೋಡು ಸುರಂಗಗಳಿಗಿಳಿಯಿತು. ಎಷ್ಟೋ ಮನೆಗಳಲ್ಲಿ ಮಕ್ಕಳು ಎದ್ದು ನಡೆಯಲಾರದೆ ಮಲಗಿದಲ್ಲಿಯೇ ಬೆಳೆದರು. ಸುಪ್ರೀಂ ಕೋರ್ಟು ಈ ವಿಷವನ್ನು 2011ರಲ್ಲಿ ನಿಷೇಧಿಸಿತು. 2017ರಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಇದನ್ನು ಪ್ರವಾಸದ ಲೇಖನದಲ್ಲಿ ಏಕೆ ಹೇಳಬೇಕೆಂದು ಕೆಲವರಿಗೆ ಅನ್ನಿಸಬಹುದು. ಆ ದಾರಿಯಲ್ಲಿ ಹೋಗುತ್ತ ಬರಿಯ ಹಸುರನ್ನು ಹೊಗಳಿ ಬರುವುದು ನಮ್ಮಿಂದಾಗಲಿಲ್ಲ. ಹುಡುಗಿಗೆ ಅರ್ಥವಾಗುವಷ್ಟನ್ನು ಹೇಳಿದೆವು. ಅವಳು ತನ್ನ ಪುಸ್ತಕದಲ್ಲಿ 'ಸ್ವರ್ಗ' ಎಂದು ಬರೆದು, ಅದರ ಮುಂದೆ ಏನನ್ನೂ ಬರೆಯದೆ ಹಾಗೆಯೇ ಬಿಟ್ಟಳು.

ಕೆರೆಯ ದೇವರು, ಚಂದ್ರಗಿರಿಯ ದಂಡೆ, ಬೇಕಲದ ಸಂಜೆ

ಮೂರನೆಯ ದಿನ ಬದಿಯಡ್ಕ–ಕುಂಬಳೆ ದಾರಿಯಾಗಿ ಅನಂತಪುರಕ್ಕೆ ಬಂದೆವು. ಸುತ್ತಲೂ ಬರಿಯ ಮುರಕಲ್ಲಿನ ಬಯಲು. ನಡುವೆ ಚಚ್ಚೌಕವಾದ ಕೆರೆ. ಕೆರೆಯ ನಡುವೆ ಅನಂತಪದ್ಮನಾಭನ ಗುಡಿ. ಒಂದು ಬದಿಗೆ ಸುಮಾರು 302 ಅಡಿ ಇರುವ ಈ ಕೆರೆಗೆ ಒರತೆಯೇ ಆಧಾರ. ಕೇರಳದಲ್ಲಿ ಕೆರೆಯ ನಡುವಣ ದೇವಾಲಯ ಇದೊಂದೇ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನವೆಂದು ಪ್ರತೀತಿ. ಕೆರೆಯ ಮೂಲೆಯ ಗುಹೆಯೊಂದನ್ನು ತೋರಿಸಿ ಬಿಲ್ವಮಂಗಲ ಸ್ವಾಮಿಗಳ ಕಥೆಯನ್ನು ಇಂದಿಗೂ ಹೇಳುತ್ತಾರೆ. ದೇವರ ನೈವೇದ್ಯದ ಅನ್ನ ತಿಂದು ಯಾರಿಗೂ ಕೇಡು ಮಾಡದೆ ಈ ಕೆರೆಯಲ್ಲಿ ಬಾಳಿದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜಾತಿಮತ ನೋಡದೆ ಜನ ಬಂದು ಕೈಮುಗಿದರು. 2023ರ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡಿತು. ನಮಗೆ ಅದರ ದರ್ಶನವಾಗಲಿಲ್ಲ. ಮಕ್ಕಳು ಗಂಟೆಗಟ್ಟಲೆ ನೀರನ್ನೇ ದಿಟ್ಟಿಸಿದ್ದೇ ಲಾಭ.

ಅನಂತಪುರದ ಸುತ್ತಣ ಬಯಲನ್ನು ಡಿಸೆಂಬರಿನಲ್ಲಿ ನೋಡಿದವರು ಇಲ್ಲೇನಿದೆ ಎಂದು ಮೂಗುಮುರಿಯಬಹುದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಬರಬೇಕು. ಬೆರಳುದ್ದದ ಗಿಡಗಳಲ್ಲಿ ನೀಲಿ ಹೂಗಳು ಕಲ್ಲನ್ನೇ ಮುಚ್ಚುತ್ತವೆ. ಅವುಗಳಲ್ಲಿ ಕೆಲವು, ಕಲ್ಲಿನಲ್ಲಿ ಸಾರ ಸಾಲದೆ, ನೀರಿನೊಳಗಿನ ಸೂಕ್ಷ್ಮಜೀವಿಗಳನ್ನು ಸಣ್ಣ ಚೀಲಗಳಲ್ಲಿ ಹಿಡಿದು ತಿನ್ನುವ ಕೀಟಾಹಾರಿಗಳು. ಹಳ್ಳಗಳಲ್ಲಿ ನೀರು ನಿಂತು, ಆಕಾಶವೇ ಕೆಳಗಿಳಿದಂತೆ ಕಾಣುತ್ತದೆ. ಸರಕಾರಿ ದಾಖಲೆಗಳಲ್ಲಿ 'ಪಾಳು' ಎಂದಿರುವುದು ಇಂಥ ನೆಲವೇ.

ಕಾಸರಗೋಡು ಪೇಟೆಯನ್ನು ದಾಟಿದೊಡನೆ ಚಂದ್ರಗಿರಿ ಹೊಳೆ ಎದುರಾಗುತ್ತದೆ. ಕೊಡಗಿನ ಘಟ್ಟದಲ್ಲಿ ಹುಟ್ಟಿ, ಸುಳ್ಯದ ಕಡೆಯಿಂದ ಬರುವ ಪಯಸ್ವಿನಿಯನ್ನು ಕೂಡಿಕೊಂಡು, 105 ಕಿಲೋಮೀಟರು ಹರಿದು ತಳಂಗರೆಯ ಬಳಿ ಕಡಲು ಸೇರುವ ಈ ಹೊಳೆ ಜಿಲ್ಲೆಯಲ್ಲೇ ಉದ್ದವಾದದ್ದು. ತುಳುನಾಡಿನ ತೆಂಕಣ ಎಲ್ಲೆಯೆಂದು ಹಿರಿಯರು ಇದನ್ನೇ ಹೇಳುತ್ತಿದ್ದರು. ಇದರ ಬಡಗಣ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತ್ತು; ಅದು ಕಾಗದದಲ್ಲಿಯೇ ಉಳಿಯಿತು. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ನೂರು ವರ್ಷದ ಬಾಳಿನಲ್ಲಿ ಅರ್ಧಕ್ಕೂ ಹೆಚ್ಚು ಕಾಲ ಈ ನೋವನ್ನು ಹೊತ್ತು ನಡೆದರು. ತೆಂಕು ದಂಡೆಯ ಚಂದ್ರಗಿರಿ ಕೋಟೆಯನ್ನು ಹತ್ತಿ, ಮುರಿದ ಗೋಡೆಯ ಮೇಲೆ ಕೈಯೂರಿ ನೋಡಿದೆವು. ಕೆಳಗೆ ಹೊಳೆ ಅಗಲವಾಗಿ, ನಿಧಾನವಾಗಿ, ಕಡಲಿನತ್ತ ಸಾಗುತ್ತಿತ್ತು. ದೊಡ್ಡಪ್ಪ ತಮ್ಮ ಎಳೆತನದಲ್ಲಿ ದೋಣಿಯಲ್ಲಿ ಈ ಹೊಳೆ ದಾಟಿದ್ದನ್ನು ನೆನೆದರು.

ಕಾಸರಗೋಡಿನಿಂದ ತೆಂಕಕ್ಕೆ ಸುಮಾರು 16 ಕಿಲೋಮೀಟರು ದೂರದ ಬೇಕಲ ಕೋಟೆಗೆ ಇಳಿಹೊತ್ತಿಗೆ ತಲಪಿದೆವು. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದನೆಂದು ಹೇಳುವ, 40 ಎಕರೆಯಷ್ಟು ವಿಸ್ತಾರದ ಈ ಮುರಕಲ್ಲಿನ ಕೋಟೆಯನ್ನು ಮೂರು ಕಡೆಯಿಂದ ಕಡಲು ಬಳಸಿದೆ. ಗೋಡೆಯ ಕಿಂಡಿಗಳನ್ನು ಮಕ್ಕಳು ಪರೀಕ್ಷಿಸಿದರು: ಮೇಲಿನದು ದೂರದ ಗುರಿಗೆ, ನಡುವಿನದು ಸಮೀಪಕ್ಕೆ, ಕೆಳಗಿನದು ಬುಡಕ್ಕೇ ಬಂದ ಶತ್ರುವಿಗೆ. ನಡುವಣ ಬುರುಜಿನ ಮೇಲಿಂದ ನೋಡಿದರೆ ತೆಂಗಿನ ಹಸುರು, ಮರಳಿನ ಬಿಳುಪು, ನೀರಿನ ನೀಲಿ ಮೂರೂ ಒಂದೇ ನೋಟದಲ್ಲಿ. ಗೋಡೆಯ ಕಲ್ಲನ್ನು ಮುಟ್ಟಿ ಹುಡುಗಿ, "ಅಜ್ಜನ ಸುರಂಗದ ಕಲ್ಲೇ!" ಎಂದಳು. ಹೌದು, ಕೋಟೆಯಾದದ್ದೂ ಅದೇ, ನೀರು ಕೊಟ್ಟದ್ದೂ ಅದೇ. ಆ ರಾತ್ರಿ ಹೊಸದುರ್ಗ, ಅಂದರೆ ಕಾಞಂಗಾಡಿನಲ್ಲಿ ತಂಗಿದೆವು.

ರಾಣಿಪುರದ ಹುಲ್ಲುಗಾವಲು

ಕಾಞಂಗಾಡಿನಿಂದ ರಾಣಿಪುರಕ್ಕೆ ಸುಮಾರು 48 ಕಿಲೋಮೀಟರು. ರಾಜಪುರ, ಪಾಣತ್ತೂರು ಕಡೆಯ ದಾರಿ ಹಿಡಿದು ಹೋದಂತೆ ತೆಂಗು ಹಿಂದುಳಿದು ರಬ್ಬರು, ಕರಿಮೆಣಸು, ಆಮೇಲೆ ಕಾಡು. ಸುಮಾರು 750 ಮೀಟರು ಎತ್ತರದ ಈ ಮಲೆಗೆ ಮೊದಲಿನ ಹೆಸರು ಮಾಡತ್ತುಮಲೆ. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯದ ಆಶ್ರಯದಲ್ಲಿ ಕ್ರೈಸ್ತ ಕೃಷಿಕರು ಇಲ್ಲಿ ನೆಲೆಸಿದಾಗ ಮರಿಯಮ್ಮನನ್ನು ರಾಣಿಯೆಂದು ಸ್ಮರಿಸಿ ಹೊಸ ಹೆಸರಿಟ್ಟರು. ಬಂದವರು ತಮ್ಮ ಭಕ್ತಿಯಿಂದ ಇಟ್ಟ ಹೆಸರೂ ಚೆಲುವಾದದ್ದೇ. ಹುಡುಗಿ ಎರಡನ್ನೂ ಬರೆದುಕೊಂಡಳು.

ಅರಣ್ಯ ಇಲಾಖೆಯವರಿಂದ ಚೀಟಿ ಪಡೆದು ಹತ್ತತೊಡಗಿದೆವು. ದೊಡ್ಡಪ್ಪ ಕೆಳಗಿನ ಚಹದಂಗಡಿಯಲ್ಲಿಯೇ ಉಳಿದರು. ಅಂಗಡಿಯವನೊಡನೆ ಮಲೆಯಾಳದಲ್ಲಿ ಕರಿಮೆಣಸಿನ ರೋಗದ ಮಾತು ಆಗಲೇ ಆರಂಭವಾಗಿತ್ತು. ಮೊದಲಿಗೆ ದಟ್ಟವಾದ ಶೋಲಾ ಕಾಡು, ಬಿಸಿಲು ನೆಲಕ್ಕೆ ಬೀಳದಷ್ಟು ನೆರಳು, ಬೇರುಗಳೇ ಮೆಟ್ಟಿಲಾದ ಕಾಲುದಾರಿ. ಆನೆಯ ಲದ್ದಿ ಕಂಡು ನಾವು ಮಾತು ನಿಲ್ಲಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಕಾಡು ಒಮ್ಮೆಗೇ ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ನೆತ್ತಿಯವರೆಗೂ ಮರವಿಲ್ಲದ ಇಳಿಜಾರು. ಮೇಲೆ ಮೋಡ ಹಾದಾಗ ಬೆಟ್ಟದ ಮೇಲೆ ಅದರ ನೆರಳು ಮೆಲ್ಲನೆ ಜಾರುವುದು ಕಾಣುತ್ತದೆ. ಆಚೆಗೆ ಕರ್ನಾಟಕದ ತಲಕಾವೇರಿ ವನ್ಯಧಾಮದ ಕಾಡು. ಎರಡು ರಾಜ್ಯಗಳ ಗಡಿ ಅಲ್ಲಿಯೇ ಎಲ್ಲಿಯೋ ಇದೆ. ಗೆರೆ ಎಲ್ಲಿಯೆಂದು ಎಷ್ಟು ನೋಡಿದರೂ ತಿಳಿಯಲಿಲ್ಲ. ಹಿಂದಿನ ದಿನ ನಾವು ಕಂಡ ಚಂದ್ರಗಿರಿಯ ನೀರು ಹೊರಡುವುದು ಈ ಘಟ್ಟದ ಕಾಡುಗಳಿಂದಲೇ.

ಅಲ್ಲಿ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ ಅಣ್ಣ ತಾನಾಗಿಯೇ ಮಾತೆತ್ತಿದ. ಜಾಗ ಮಾರುವ ಮಾತಲ್ಲ. "ಆ ಮೂರನೆಯ ಸುರಂಗದೊಳಗೆ ಮಣ್ಣು ಕುಸಿದಿರಬಹುದೋ ಏನೋ. ತೆಗೆಸಿದರೆ ನೀರು ಬಂದೀತೇ? ಸುರಂಗದ ಕೆಲಸ ಬಲ್ಲವರು ಈಗಲೂ ಇದ್ದಾರೆಯೇ?" ಎಂದು ಕೇಳಿದ. ಇದ್ದಾರೆ, ಆದರೆ ಕಡಿಮೆ ಎಂದೆವು. "ಏಪ್ರಿಲಿನಲ್ಲಿ ಹತ್ತು ದಿನ ರಜೆ ಹಾಕಿ ಬರುತ್ತೇನೆ. ಮೊದಲು ಅದನ್ನು ನೋಡೋಣ" ಎಂದ. ಮುಂದೇನಾಗುವುದೋ ಹೇಳಲಾರೆವು. ದೊಡ್ಡಪ್ಪನ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ. ಅಡಕೆ ಕೊಯ್ಯುವ ಜನವೂ ಒಮ್ಮೆಗೇ ಸಿಗಲಾರರು. ಆದರೂ ನಾವು ಬೆಟ್ಟವಿಳಿದದ್ದು ಹಗುರವಾದ ಮನಸ್ಸಿನಿಂದ. ಕೆಳಗೆ ದೊಡ್ಡಪ್ಪನಿಗೆ ಅಣ್ಣನೇ ಆ ಮಾತು ಹೇಳಿದ. ಅವರು ಚಹದ ಲೋಟವನ್ನು ಕೆಳಗಿಟ್ಟು, "ಏಪ್ರಿಲ್ ಒಳ್ಳೆಯದು. ನೆಲ ಒಣಗಿರುತ್ತದೆ" ಎಂದಷ್ಟೇ ಹೇಳಿದರು.

ಹೊರಡಬಯಸುವವರಿಗೆ ನಾಲ್ಕು ಮಾತು

ದೂರದ ನೋಟಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಹಸುರು, ಹೂ, ಮೋಡಗಳನ್ನು ಬಯಸುವವರು ಆಗಸ್ಟ್, ಸೆಪ್ಟೆಂಬರಿನಲ್ಲಿ ಬರಬಹುದು. ಆದರೆ ರಾಣಿಪುರದಲ್ಲಿ ಆಗ ಜಿಗಣೆಯ ಕಾಟವುಂಟು, ಕಾಲಿಗೆ ಉಪ್ಪು ಇಲ್ಲವೆ ಸುಣ್ಣ ಸವರಿಕೊಳ್ಳಬೇಕು. ಅಲ್ಲಿಗೆ ಬೆಳಗಿನಲ್ಲೇ ಹತ್ತುವುದು ಲೇಸು. ಆನೆಯ ಸಂಚಾರವಿದ್ದರೆ ಅರಣ್ಯ ಇಲಾಖೆಯವರು ಬಿಡುವುದಿಲ್ಲ, ಆದುದರಿಂದ ಮೊದಲೇ ವಿಚಾರಿಸಿ. ಪೊಸಡಿ ಗುಂಪೆಗೆ ಸಂಜೆ ಹೋಗಿ. ನೆತ್ತಿಯಲ್ಲಿ ನೆರಳೂ ಇಲ್ಲ, ನೀರೂ ಇಲ್ಲ. ರೈಲಿನಲ್ಲಿ ಬರುವವರಿಗೆ ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ ಫೋರ್ಟ್, ಕಾಞಂಗಾಡು ನಿಲ್ದಾಣಗಳು ಅನುಕೂಲ. ಎಲ್ಲ ಗಾಡಿಗಳೂ ಎಲ್ಲೆಡೆ ನಿಲ್ಲುವುದಿಲ್ಲ. ಇನ್ನೂ ಎರಡು ದಿನ ಬಿಡುವಿದ್ದರೆ ತೆಂಕಣ ತುದಿಯ ವಲಿಯಪರಂಬದ ಹಿನ್ನೀರನ್ನೂ, ಕೋಟಂಚೇರಿಯ ಬೆಟ್ಟವನ್ನೂ ಸೇರಿಸಿಕೊಳ್ಳಬಹುದು. ಸುರಂಗ ನೋಡಬೇಕೆನ್ನುವವರು ಮನೆಯವರ ಅಪ್ಪಣೆ ಪಡೆಯಬೇಕು. ತಿಳಿದವರಿಲ್ಲದೆ ಒಳಗೆ ಕಾಲಿಡಬಾರದು. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ.

ಇನ್ನೊಂದು ಕೋರಿಕೆ. ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಮಕ್ಕಳ ಕೈಗೆ ಒಂದು ಪುಸ್ತಕ ಕೊಡಿ. ಹುಡುಗಿ ಬೆಂಗಳೂರಿಗೆ ಮರಳುವ ರಾತ್ರಿ ತನ್ನ ಪುಸ್ತಕದ ಹೆಸರುಗಳನ್ನೆಲ್ಲ ಓದಿದಳು: ಗುಡ್ಡ, ಅಡ್ಕ, ಪದವು, ತೋಡು, ಕಡವು ಎಲ್ಲ ಸೇರಿ ಎಂಬತ್ತೇಳು. ಅವುಗಳಲ್ಲಿ ನಮಗೆ ಮೊದಲೇ ಗೊತ್ತಿದ್ದುದು ಮೂವತ್ತಕ್ಕೂ ಕಡಿಮೆ. ಅದರ ಪ್ರತಿಯೊಂದನ್ನು ನಮ್ಮ ಮಗ ಬರೆದಿಟ್ಟುಕೊಂಡಿದ್ದಾನೆ. ಅಣ್ಣ ಬರುವುದರೊಳಗೆ ಇನ್ನೂ ಹತ್ತು ಹೆಸರನ್ನು ದೊಡ್ಡಪ್ಪನಿಂದ ಕೇಳಿ ಸೇರಿಸುವುದೆಂದು ಈಗ ಪ್ರತಿ ಭಾನುವಾರ ಬದಿಯಡ್ಕದ ಬಸ್ಸು ಹತ್ತುತ್ತಾನೆ.